ಹಳ್ಳದ ಮಣ್ಣಿನ ಲೆಕ್ಕ ನಮಗೆ ಸಿಗೋಕೆ ಇಷ್ಟು ವರ್ಷ ಯಾಕಾಯ್ತು?

2023ರ ಫೆಬ್ರವರಿಯಲ್ಲಿ ಜಮ್ಮು ಕಾಶ್ಮೀರದ ರಿಯಾಸಿಯಲ್ಲಿ 59 ಲಕ್ಷ ಟನ್ ಲಿಥಿಯಂ ಸಿಕ್ಕಿದೆ ಅಂತ ದೇಶವೆಲ್ಲ ಸುದ್ದಿಯಾಯಿತು. ಮರುವರ್ಷ ಆ ಬ್ಲಾಕಿನ ಹರಾಜು ಸಾಕಷ್ಟು ಬಿಡ್‌ದಾರರಿಲ್ಲದೆ ರದ್ದಾಯಿತು. ಅದಕ್ಕೂ ಮೊದಲು ನಮ್ಮ ಮಂಡ್ಯದ ಮರ್ಲಗಲ್ಲದಲ್ಲಿ 14,100 ಟನ್ ಇದೆ ಅಂತ ಓಡಾಡಿದ ಅಂಕಿ, 2021ರಲ್ಲಿ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ 1,600 ಟನ್ ಆಗಿತ್ತು. ಹಾಗಾದ್ರೆ ಇದೆಯೋ ಇಲ್ವೋ? ಈ ಗೊಂದಲ ಬಿಡಿಸೋಕೆ ಹಳ್ಳದ ಮಣ್ಣಿನಿಂದ ಶುರು ಮಾಡಬೇಕು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಅಂದರೆ ಜಿಎಸ್‌ಐ, 1851ರಲ್ಲಿ ಕಲ್ಲಿದ್ದಲು ಹುಡುಕೋಕೆ ಹುಟ್ಟಿತು, ಮುಂದಿನ ಒಂದೂವರೆ ಶತಮಾನ ಬಂಡೆಗಳ ನಕ್ಷೆ ಬರೆಯಿತು. ಮಣ್ಣಿನಲ್ಲಿ ಯಾವ ಧಾತು ಎಷ್ಟಿದೆ ಅಂತ ದೇಶಪೂರ್ತಿ ಅಳೆಯುವ ಕೆಲಸವನ್ನು ಚೀನಾ 1970ರ ದಶಕದ ಕೊನೆಯಲ್ಲೇ ಹಿಡಿದಿತ್ತು. ನಾವು ಕೈಹಾಕಿದ್ದು 2001ರಲ್ಲಿ.

ಕೆಲಸ ಹೀಗೆ ನಡೆಯುತ್ತದೆ. ಒಂದು ಟೋಪೋಶೀಟ್, ಅಂದರೆ ಸರ್ವೆ ನಕ್ಷೆಯ ಒಂದು ಹಾಳೆ, ಸುಮಾರು 700 ಚದರ ಕಿಲೋಮೀಟರ್. ಅದನ್ನು ಒಂದೊಂದು ಕಿಲೋಮೀಟರಿನ ಚೌಕಗಳಾಗಿ ಹಂಚಿ, ಪ್ರತಿ ಚೌಕದಲ್ಲೂ ಸಣ್ಣ ಹಳ್ಳದ ಒಡಲಿನಿಂದ ಮೆಕ್ಕಲು ಎತ್ತುತ್ತಾರೆ. ಮೇಲಿನ ಗುಡ್ಡದ ಬಂಡೆಗಳೆಲ್ಲ ಸವೆದು ಬಂದು ಸೇರುವುದು ಅಲ್ಲೇ ಅಲ್ವಾ, ಆದ್ದರಿಂದ ಒಂದು ಹಿಡಿಯಲ್ಲಿ ಇಡೀ ಗುಡ್ಡದ ಗುರುತಿರುತ್ತದೆ. ಒಣಗಿಸಿ, ಸಣ್ಣ ಜರಡಿ ಹಿಡಿದು, ನಾಲ್ಕು ಚೌಕದ್ದನ್ನು ಬೆರೆಸಿ ಒಂದು ಸ್ಯಾಂಪಲ್ ಮಾಡಿ ಲ್ಯಾಬಿಗೆ ಕಳಿಸುತ್ತಾರೆ, ಅಲ್ಲಿ 60ಕ್ಕೂ ಹೆಚ್ಚು ಧಾತುಗಳನ್ನು ಅಳೆಯುತ್ತಾರೆ. ಮಣ್ಣು ಎತ್ತುವವರ ಕೈಯಲ್ಲಿ ಉಂಗುರವೂ ಇರಬಾರದು. ನೂರು ಕೋಟಿಗೆ ಕೆಲವು ಪಾಲು ಹುಡುಕುವಾಗ ಬೆರಳಿನ ಬಂಗಾರವೇ ಸುಳ್ಳು ಹೇಳಿಬಿಡುತ್ತದೆ. ಹೊಲದ ಗೊಬ್ಬರ, ಗಣಿಯ ಧೂಳು ಇವೂ ಅಷ್ಟೇ.

ಅಂಕಿ ಬಂದಮೇಲೂ ತೊಂದರೆ ಮುಗಿಯುವುದಿಲ್ಲ. ಎರಡು ಲ್ಯಾಬು, ಎರಡು ಯಂತ್ರ, ಮಣ್ಣನ್ನು ಕರಗಿಸುವ ಎರಡು ವಿಧಾನ ಅಂದರೆ ಅಕ್ಕಪಕ್ಕದ ಶೀಟುಗಳ ಅಂಕಿಗಳು ಹೊಂದುವುದಿಲ್ಲ, ನಕ್ಷೆಯಲ್ಲಿ ಶೀಟಿನ ಅಂಚಿಗೆ ಸರಿಯಾಗಿ ಬಣ್ಣ ಬದಲಾಗುತ್ತದೆ. ಭೂಮಿಯೊಳಗೆ ಅಂಥ ನೇರ ಗೆರೆ ಇರುವುದಿಲ್ಲ. ವಿಧಾನದ ವಿವರ ಜೊತೆಗಿದ್ದರೆ ಬಲ್ಲವರು ಸರಿಪಡಿಸಬಹುದು. ಬರೀ ಬಣ್ಣದ ನಕ್ಷೆ ಕೊಟ್ಟರೆ ಸರಿಪಡಿಸುವುದು ಹೇಗೆ?

ಮಾಹಿತಿ ಹಂಚಿಕೆಯ ಕಥೆ ಇನ್ನೂ ನಿಧಾನ. ಗಡಿ, ಕರಾವಳಿಯ ಟೋಪೋಶೀಟುಗಳೇ ಬಹುಕಾಲ ನಿರ್ಬಂಧದಲ್ಲಿದ್ದವು, ವರದಿಗಳು ಕಪಾಟಿನಲ್ಲಿದ್ದವು. ರಿಯಾಸಿಯಲ್ಲಿ ಲಿಥಿಯಂ ಸುಳಿವಿದೆ ಅಂತ ಜಿಎಸ್‌ಐ ಭೂವಿಜ್ಞಾನಿಗಳು 1990ರ ದಶಕದಲ್ಲೇ ಬರೆದಿದ್ದರು. ಅದು ಸುದ್ದಿಯಾಗೋಕೆ ಎರಡು ದಶಕ ಮೀರಿತು. ಅದೂ ಜಿ3 ಅನ್ನುವ ಆರಂಭಿಕ ಶೋಧದ ಹಂತದ ಅದಿರಿನ ಅಂದಾಜು, ಲೋಹದ ತೂಕವಲ್ಲ, ಜೇಡಿಯಂಥ ಬಾಕ್ಸೈಟ್ ಪದರದಲ್ಲಿ ಅಡಗಿದ್ದು. ಹೊರತೆಗೆಯುವುದು ಸುಲಭವಲ್ಲ. ಹಣ ಹಾಕುವವರು ಹಿಂಜರಿದದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ.

2016ರ ಖನಿಜ ಅನ್ವೇಷಣಾ ನೀತಿ ಮೂಲ ಮಾಹಿತಿಯನ್ನು ಉಚಿತವಾಗಿ ಕೊಡಬೇಕು ಅಂದಿತು. ಜಿಎಸ್‌ಐನ ಭೂಕೋಶ್ ತಾಣದಲ್ಲಿ ಅಂಕಿಗಳು ಸಿಗತೊಡಗಿದವು. 2021ರಲ್ಲಿ ನಕ್ಷೆಗಳ ನಿರ್ಬಂಧ ಸಡಿಲವಾಯಿತು, 2023ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರ ತೆರೆಯಿತು. ಇದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಕೊರೆದು ಏನೂ ಸಿಗದ ಜಾಗದ ಫಲಿತಾಂಶವೂ ಅಷ್ಟೇ ಮುಖ್ಯ, ಖಾಸಗಿಯವರು ಹುಡುಕಿ ಬಿಟ್ಟುಹೋದ ಕಡೆಯದ್ದೂ ಸೇರಿ. ಅದು ತೆರೆದಿರದಿದ್ದರೆ ಇನ್ನೊಬ್ಬರು ಅದೇ ಗುಂಡಿಯನ್ನು ಸುಮ್ನೆ ಮತ್ತೆ ಕೊರೆಯುತ್ತಾರೆ.

ಇನ್ನೊಂದು ಮಾತು. ಚಿನ್ನ ಹುಡುಕುವವರು ಮೊದಲು ನೋಡುವ ಧಾತುಗಳಲ್ಲಿ ಆರ್ಸೆನಿಕ್ ಒಂದು, ಎರಡೂ ಜೊತೆಗಿರುವುದು ಜಾಸ್ತಿ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ ಇರುವುದು ಅದೇ ಜಿಲ್ಲೆಯ ಮಂಗಳೂರು (ಕರಾವಳಿಯದ್ದಲ್ಲ) ಎಂಬ ಊರಿನ ಹಳೆಯ ಚಿನ್ನದ ಗಣಿಯ ಬಂಡೆಪಟ್ಟಿಯಲ್ಲಿ. ಅಲ್ಲಿನ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇರುವುದು ಗೊತ್ತಾಗುವ ಹೊತ್ತಿಗೆ ಜನರ ಚರ್ಮದ ಮೇಲೆ ಕಲೆ ಎದ್ದಿದ್ದವು. ಹಳ್ಳದ ಮಣ್ಣಿನ ಲೆಕ್ಕ ಗಣಿ ಕಂಪನಿಗಳ ಜೊತೆಗೆ ಜಿಲ್ಲೆಯ ನೀರು ಪರೀಕ್ಷಿಸುವವರ ಕೈಗೂ ಹೋಗಬೇಕು, ಯಾವ ಊರಿನ ಬೋರ್‌ವೆಲ್ಲನ್ನು ಮೊದಲು ನೋಡಬೇಕು ಅನ್ನುವುದು ಅದರಿಂದಲೇ ತಿಳಿಯುತ್ತದೆ.