ಕುಟುಂಬ ಸಭೆಯಲ್ಲಿ ಮಗುವಿನ ಮಾತು: ನಡೆದು ಬಂದ ದಾರಿ

ಹೆತ್ತವರಿಂದ ಬೇರ್ಪಟ್ಟು ಸಾಕು ಕುಟುಂಬದಲ್ಲೋ ಪಾಲನಾ ಸಂಸ್ಥೆಯಲ್ಲೋ ಬೆಳೆಯುವ ಮಗು ಮುಂದೆ ಎಲ್ಲಿರಬೇಕು, ಯಾರನ್ನು ಭೇಟಿಯಾಗಬೇಕು ಎಂಬುದನ್ನು ಬಹುಕಾಲ ಅಧಿಕಾರಿಗಳೂ ನ್ಯಾಯಾಲಯಗಳೂ ನಿರ್ಧರಿಸುತ್ತಿದ್ದವು. ಆ ತೀರ್ಮಾನದಲ್ಲಿ ಮೊದಲು ಬಂಧುಗಳಿಗೆ, ಅನಂತರ ಬಹಳ ನಿಧಾನವಾಗಿ ಮಗುವಿಗೆ ಪಾಲು ದೊರೆಯಿತು.

ಈ ಬದಲಾವಣೆಗೆ ಕಾನೂನಿನ ರೂಪ ಬಂದದ್ದು ನ್ಯೂಜಿಲೆಂಡಿನಲ್ಲಿ. ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಮಕ್ಕಳನ್ನು ಅವರ ಬಂಧುಬಳಗದಿಂದ ದೂರ ಮಾಡುತ್ತಿದ್ದ ವ್ಯವಸ್ಥೆಯನ್ನು 1980ರ ದಶಕದ ‘ಪುವಾವೊ-ತೆ-ಅತಾ-ತೂ’ ವರದಿ ಪ್ರಶ್ನಿಸಿತು. 1989ರ ಕಾಯ್ದೆ ಕುಟುಂಬ ಸಭೆಯನ್ನು ಶಾಸನಬದ್ಧಗೊಳಿಸಿತು. ಅಧಿಕಾರಿಗಳು ಮಾಹಿತಿ ನೀಡಿ ಹೊರನಡೆದ ಮೇಲೆ ಕುಟುಂಬದವರೇ ಕೂತು ಯೋಜನೆ ರೂಪಿಸುವುದು ಅದರ ತಿರುಳು. ಮಗುವಿಗೆ ಹಾಜರಾಗುವ ಹಕ್ಕಿತ್ತಾದರೂ, ಅದು ಮಗುವಿನ ಹಿತಕ್ಕೆ ತಕ್ಕುದಲ್ಲ ಅಥವಾ ನಡೆಯುವುದು ಅದಕ್ಕೆ ಅರ್ಥವಾಗದು ಎಂದು ಸಂಯೋಜಕರಿಗೆ ಅನ್ನಿಸಿದರೆ ಹೊರಗಿಡಲು ಅವಕಾಶವೂ ಇತ್ತು. ಅದೇ ವರ್ಷ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಟ್ಟಿತು.

ಸಭೆಗಳು ಹಲವು ದೇಶಗಳಿಗೆ ಹಬ್ಬಿದವು. ಆದರೆ ಕುರ್ಚಿ ಹಾಕಿ ಕೂರಿಸಿದ ಮಾತ್ರಕ್ಕೆ ಮಗು ಪಾಲ್ಗೊಂಡಂತಾಗುವುದಿಲ್ಲ. ಹತ್ತು ಮಂದಿ ಹಿರಿಯರ ನಡುವೆ, ಅಪ್ಪ ಅಮ್ಮ ಇಬ್ಬರೂ ಎದುರಿಗಿರುವಾಗ, ‘ನಿನಗೆ ಯಾರ ಜತೆ ಇರಬೇಕು?’ ಎಂದು ಕೇಳಿದರೆ ಎಂಟು ವರ್ಷದ ಮಗು ತಲೆ ತಗ್ಗಿಸದೆ ಇನ್ನೇನು ಮಾಡೀತು? ಅದು ಮಗುವಿನ ಮೇಲೆ ಹೊರಿಸಬಾರದ ಭಾರ.

ಆದುದರಿಂದ ನಿಜವಾದ ಕೆಲಸವೆಲ್ಲ ಸಭೆಗೆ ಮುಂಚೆಯೇ ಆಗಬೇಕು. 2000ದ ದಶಕದಲ್ಲಿ ನ್ಯೂಜಿಲೆಂಡಿನಲ್ಲೇ ರೂಪುಗೊಂಡ ‘ಮೂರು ಮನೆ’ ವಿಧಾನದಲ್ಲಿ ಮಗು ಹಾಳೆಯ ಮೇಲೆ ಚಿಂತೆಗಳ ಮನೆ, ಒಳ್ಳೆಯ ಸಂಗತಿಗಳ ಮನೆ, ಕನಸುಗಳ ಮನೆ ಎಂದು ಚಿತ್ರ ಬರೆದು ಒಂದೊಂದನ್ನೂ ತುಂಬುತ್ತದೆ. ಬರೆಯಲು ಬಾರದಿದ್ದರೆ ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಕಾರ್ಯಕರ್ತರು ಬರೆದುಕೊಳ್ಳುತ್ತಾರೆ. ಆ ಹಾಳೆಯನ್ನು ಯಾರಿಗೆ ತೋರಿಸಬೇಕು ಎಂದು ಮಗುವನ್ನೇ ಕೇಳಬೇಕು. ಸುರಕ್ಷತೆಗೆ ಸಂಬಂಧಿಸಿದ್ದನ್ನು ಗುಟ್ಟಾಗಿ ಇಡಲಾಗದು ಎಂಬುದನ್ನು ಮೊದಲೇ ತಿಳಿಸುವುದು ಪ್ರಾಮಾಣಿಕತೆಯ ಮಾತು. ಪಕ್ಕದಲ್ಲಿ ಯಾರು ಕೂರಬೇಕು, ಸಾಕೆನಿಸಿದಾಗ ಯಾವ ಸನ್ನೆ ಮಾಡಿ ಎದ್ದುಹೋಗಬಹುದು ಎಂಬುದೂ ಆಗಲೇ ಗೊತ್ತಾಗಿರಬೇಕು. ಮಗು ಬರಲೊಲ್ಲದಿದ್ದರೆ ಅದು ನಂಬುವ ಒಬ್ಬರು ಅದರ ಮಾತನ್ನು ಓದಿ ಹೇಳಬಹುದು.

ಇಷ್ಟೆಲ್ಲ ಮಾಡಲು ಬಿಡುವು ಬೇಕು. ಗಡುವಿನ ಒತ್ತಡದಲ್ಲಿ ಮೊದಲು ಮೊಟಕಾಗುವುದು ಈ ತಯಾರಿಯೇ.

2009ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 12ನೇ ವಿಧಿಯನ್ನು ವಿವರಿಸುತ್ತಾ, ತನ್ನ ಮಾತಿಗೆ ಎಷ್ಟು ಬೆಲೆ ಸಿಕ್ಕಿತೆಂದು ಮಗುವಿಗೆ ತಿಳಿಸುವುದೂ ಪ್ರಕ್ರಿಯೆಯ ಭಾಗವೆಂದು ಸ್ಪಷ್ಟಪಡಿಸಿತು. ಅಮ್ಮನ ಮನೆಗೆ ಈಗಲೇ ಹೋಗಲಾಗದು ಎಂದು ಸಭೆ ತೀರ್ಮಾನಿಸಿದರೆ, ಅದನ್ನು ಮಗುವಿಗೆ ಯಾರು, ಎಂದು, ಯಾವ ಕಾರಣ ಕೊಟ್ಟು ಹೇಳುತ್ತಾರೆ, ಮತ್ತೆ ಯಾವಾಗ ಆ ವಿಷಯ ಚರ್ಚೆಗೆ ಬರುತ್ತದೆ ಎಂಬುದೂ ಯೋಜನೆಯಲ್ಲೇ ಬರಹದಲ್ಲಿರಬೇಕು.