ಕುಡಚಡೆ ಪೇಟೆಬೀದಿಯ ಏಳುಬೀಳು: ಕೋರ್ಟಿಗಿಂತ ಹಿಂದಿನ ಕಥೆ

ಕಬ್ಬಿಣದ ಅದಿರಿನ ಲಾರಿಗಳನ್ನೇ ನಂಬಿದ್ದ ದಕ್ಷಿಣ ಗೋವಾದ ಕುಡಚಡೆಯ ವ್ಯಾಪಾರ ಬಿದ್ದದ್ದೇಕೆ ಎಂದು ಅಲ್ಲಿನ ಖಾನಾವಳಿಯಲ್ಲೋ ಪಂಕ್ಚರ್ ಅಂಗಡಿಯಲ್ಲೋ ದುಡಿಯುವ ಗದಗ, ಬಾಗಲಕೋಟೆ ಕಡೆಯವರನ್ನು ಕೇಳಿದರೆ ‘ಕೋರ್ಟು ಗಣಿ ಬಂದ್ ಮಾಡಿತು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಉತ್ತರ ಸುಳ್ಳಲ್ಲ, ಆದರೆ ಅರ್ಧ.

1880ರ ದಶಕದಲ್ಲಿ ಮುರಗಾಂವ ಬಂದರಿನಿಂದ ಕ್ಯಾಸಲ್‌ರಾಕ್‌ಗೆ ಹಾಕಿದ ರೈಲು ಮಾರ್ಗದಲ್ಲಿ ಕುಡಚಡೆಯೂ ಒಂದು ನಿಲ್ದಾಣ. ಹುಬ್ಬಳ್ಳಿ ಸೀಮೆಯ ಜನ ಘಟ್ಟ ಇಳಿದು ಇಲ್ಲಿಗೆ ಬರಲು ಅದೇ ದಾರಿ. ಅದಿರಿನ ದಾರಿ ಬೇರೆ. ಸಾಂಗೆ ಕಡೆಯ ಗುಡ್ಡಗಳಲ್ಲಿ ಅಗೆದದ್ದು ಲಾರಿಯಲ್ಲಿ ಜುವಾರಿ ನದಿಯ ಧಕ್ಕೆಗೆ, ಅಲ್ಲಿಂದ ಬಾರ್ಜಿನಲ್ಲಿ ಬಂದರಿಗೆ ಹೋಗುತ್ತಿತ್ತು. ನಡುವೆ ಸಿಕ್ಕಿದ್ದು ಕುಡಚಡೆ–ಸಾವರ್ಡೆಯ ರಸ್ತೆ. ಸಂಪಾದನೆ ಟ್ರಿಪ್ಪಿನ ಲೆಕ್ಕದಲ್ಲಿ. ಹಾಗಾಗಿ ಚಾಲಕರಿಗೆ ಸದಾ ಅವಸರ. ಕೆಂಪು ಧೂಳು, ಅಪಘಾತ, ಜೊತೆಗೆ ಟೈರು, ಡೀಸೆಲ್, ಊಟದ ಭರ್ಜರಿ ವ್ಯಾಪಾರ: ಎಲ್ಲವೂ ಲಾರಿಯ ಜೊತೆಗೇ ಬಂದವು.

ತೊಡಕು ಶುರುವಾದದ್ದು ಕಾಗದದಲ್ಲಿ. ಪೋರ್ಚುಗೀಸರ 1906ರ ಗಣಿ ಕಾನೂನಿನ ಪ್ರಕಾರ ಕೊಟ್ಟ ಪರವಾನಗಿಗಳಿಗೆ ಕೊನೆಯ ದಿನಾಂಕವೇ ಇರಲಿಲ್ಲ. 1961ರಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೂ ಅವು ಹಾಗೆಯೇ ನಡೆದವು. 1987ರಲ್ಲಿ ಸಂಸತ್ತು ಅವನ್ನು ರದ್ದುಮಾಡಿ ಗುತ್ತಿಗೆಗಳೆಂದು ಘೋಷಿಸಿತು. ಗುತ್ತಿಗೆಗೆ ಅವಧಿ ಇದ್ದೇ ಇರುತ್ತದೆ. ಆ ಅವಧಿ 2007ರ ನವೆಂಬರ್ 22ಕ್ಕೇ ಮುಗಿದಿತ್ತು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು.

ಈಗ ಪೇಟೆಯವರು ‘ಸುಗ್ಗಿಯ ಕಾಲ’ ಎಂದು ನೆನೆಯುವ ವರ್ಷಗಳನ್ನು ಈ ದಿನಾಂಕದ ಪಕ್ಕದಲ್ಲಿಟ್ಟು ನೋಡಿ. ಕಡಿಮೆ ಕಬ್ಬಿಣಾಂಶದ ಅದಿರನ್ನೂ ಚೀನಾ ಬಾಚಿಕೊಳ್ಳತೊಡಗಿದ್ದರಿಂದ 2010–11ರಲ್ಲಿ ಗೋವಾದಿಂದ ಹೊರಟ ಅದಿರು 5 ಕೋಟಿ ಟನ್ ದಾಟಿತ್ತು. ಅದರಲ್ಲಿ ಕರ್ನಾಟಕದಿಂದ ಬಂದ ಅದಿರೂ ಸೇರಿತ್ತು. ಅಂದರೆ ಸುಗ್ಗಿಯ ಉತ್ತುಂಗವೆಲ್ಲ ಗುತ್ತಿಗೆ ಮುಗಿದ ನಂತರದ್ದು. ಸಾಲ ಮಾಡಿ ಟಿಪ್ಪರ್ ಕೊಂಡವನಿಗೆ ಇದನ್ನು ಯಾರೂ ಹೇಳಲಿಲ್ಲ. ತಿಳಿದವರು ಸುಮ್ಮನಿದ್ದರು ಎಂದೇ ನನ್ನ ಆಕ್ಷೇಪ.

ನಂತರದ್ದು ಗೊತ್ತಿರುವುದೇ. ಅಕ್ರಮ ಗಣಿಗಾರಿಕೆಯ ತನಿಖೆ ನಡೆಸಿದ ನ್ಯಾಯಮೂರ್ತಿ ಎಂ.ಬಿ. ಶಾ ಆಯೋಗದ ವರದಿ, 2012ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರದ ತಡೆ, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ನಿಷೇಧ. 2014ರಲ್ಲಿ ವರ್ಷಕ್ಕೆ 2 ಕೋಟಿ ಟನ್ನಿನ ಮಿತಿಯೊಡನೆ ಅನುಮತಿ ಸಿಕ್ಕಿತು. ರಾಜ್ಯ ಸರ್ಕಾರ ಹರಾಜು ಹಾಕದೆ ಹಳಬರಿಗೇ 88 ಗುತ್ತಿಗೆಗಳನ್ನು ನವೀಕರಿಸಿತು. 2018ರ ಫೆಬ್ರವರಿಯಲ್ಲಿ ಅವೂ ರದ್ದಾಗಿ, ಮಾರ್ಚ್‌ನಲ್ಲಿ ಲಾರಿಗಳು ಮತ್ತೆ ನಿಂತವು.

ದಾಖಲೆಯಿದ್ದ ಲಾರಿ ಮಾಲೀಕರಿಗೆ, ಬಾರ್ಜಿನವರಿಗೆ ಸರ್ಕಾರದ ನೆರವು ಸಿಕ್ಕಿತು. ದಿನಗೂಲಿಯ ಕ್ಲೀನರ್, ರೊಟ್ಟಿ ಬಡಿಯುವವಳು ಯಾವ ದಾಖಲೆ ತೋರಿಸಬೇಕಿತ್ತು? ಗಣಿಗಳ ಹರಾಜು ನಡೆದು, 2024ರಲ್ಲಿ ಡಿಚೋಲಿಯಲ್ಲಿ ಅಗೆತ ಮತ್ತೆ ಆರಂಭವಾಯಿತು. ಆದರೆ ಅದು ಉತ್ತರ ಗೋವಾ. ಅಲ್ಲಿನ ಅದಿರು ಮಾಂಡೋವಿ ನದಿಯ ಕಡೆಗೆ ಇಳಿಯುತ್ತದೆ, ಕುಡಚಡೆಯ ರಸ್ತೆಗಲ್ಲ.