ಬೆಕ್ಕಿನ ಅಂಡ ಗಂಡಿಗಾಗಿ ಕಾಯುತ್ತದೆ

ಐದು ತಿಂಗಳ ಹೆಣ್ಣುಮರಿ ಸಂಜೆಯಾಗುತ್ತಲೇ ನೆಲದ ಮೇಲೆ ಬಿದ್ದು ಹೊರಳಾಡುತ್ತದೆ. ಎಳೆಗೂಸು ಅತ್ತ ಹಾಗೆ ಉದ್ದ ದನಿ ತೆಗೆದು ಕೂಗುತ್ತದೆ, ಊಟ ಬಿಟ್ಟು ಬಾಗಿಲ ಸಂದಿಗೆ ಹೋಗಿ ನಿಲ್ಲುತ್ತದೆ. ಹೊಟ್ಟೆನೋವಿರಬೇಕೆಂದು ಹೆದರಿ ಪಶುವೈದ್ಯರ ಬಳಿಗೆ ಓಡುವವರು ಅನೇಕರು. ಮೊದಲು ಬಾಲದ ಬುಡದ ಹತ್ತಿರ ಅದರ ಬೆನ್ನನ್ನು ಮೆಲ್ಲಗೆ ಸವರಿ ನೋಡಿ. ಎದೆಯನ್ನು ನೆಲಕ್ಕೊತ್ತಿ, ಹಿಂಭಾಗ ಎತ್ತಿ, ಬಾಲವನ್ನು ಒಂದು ಪಕ್ಕಕ್ಕೆ ಸರಿಸಿ, ಹಿಂಗಾಲಲ್ಲಿ ನಿಂತಲ್ಲೇ ತುಳಿಯತೊಡಗಿದರೆ ಅದು ನೋವಲ್ಲ, ಬೆದೆ. ನಾಯಿಗೆ ಬೆದೆಯಲ್ಲಿ ರಕ್ತಸ್ರಾವ ಆಗುತ್ತದೆ, ಬೆಕ್ಕಿಗೆ ಆಗುವುದಿಲ್ಲ. ಬೆಕ್ಕಿನಲ್ಲಿ ರಕ್ತ ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಹೆಣ್ಣು ಸಾಮಾನ್ಯವಾಗಿ 6ರಿಂದ 9 ತಿಂಗಳೊಳಗೆ ಮೊದಲ ಸಲ ಬೆದೆಗೆ ಬರುತ್ತದೆ, ಕೆಲವು ನಾಲ್ಕೇ ತಿಂಗಳಿಗೆ. ಸಯಾಮೀಸ್ ತಳಿ ಬೇಗ, ಪರ್ಷಿಯನ್ ತಡ. ವಯಸ್ಸಿನಷ್ಟೇ ಮುಖ್ಯವಾದದ್ದು ಬೆಳಕು. ದಿನಕ್ಕೆ 12ರಿಂದ 14 ಗಂಟೆ ಬೆಳಕು ಬಿದ್ದರೆ ಮಿದುಳಿನಲ್ಲಿ ಕತ್ತಲಲ್ಲಿ ಹೆಚ್ಚುವ ಮೆಲಟೋನಿನ್ ಎಂಬ ಹಾರ್ಮೋನ್ ಇಳಿದು ಅಂಡಾಶಯ ಚುರುಕಾಗುತ್ತದೆ. ಯುರೋಪಿನಂಥ ಕಡೆ ಚಳಿಗಾಲದಲ್ಲಿ ಹಗಲು ಕುಗ್ಗುವುದರಿಂದ ಹೊರಗಿನ ಬೆಕ್ಕುಗಳ ಬೆದೆ ಕೆಲವು ತಿಂಗಳು ನಿಂತುಹೋಗುತ್ತದೆ. ಕರ್ನಾಟಕದಲ್ಲಿ ಡಿಸೆಂಬರಿನ ಹಗಲೂ 11 ಗಂಟೆಗಿಂತ ಕಡಿಮೆಯಾಗುವುದಿಲ್ಲ, ಅದರ ಮೇಲೆ ರಾತ್ರಿ ಹತ್ತರವರೆಗೆ ಉರಿಯುವ ಟ್ಯೂಬ್‌ಲೈಟ್. ಹಾಗಾಗಿ ನಮ್ಮ ಮನೆಬೆಕ್ಕಿಗೆ ಋತುವೆಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಬೆದೆ ಸುಮಾರು ಒಂದು ವಾರ ಇರುತ್ತದೆ. ಗಂಡು ಸಿಗದಿದ್ದರೆ ಇಳಿದು, ಎರಡು ಮೂರು ವಾರದಲ್ಲಿ ಮತ್ತೆ ಬರುತ್ತದೆ. ಹೀಗೇಕೆಂದರೆ, ಹಸುವಿನಲ್ಲೂ ಮನುಷ್ಯರಲ್ಲೂ ಅಂಡ ತನ್ನ ಲೆಕ್ಕದ ದಿನ ತಾನೇ ಬಿಡುಗಡೆಯಾಗುತ್ತದೆ. ಬೆಕ್ಕಿನ ಅಂಡ ಸಾಮಾನ್ಯವಾಗಿ ಕೂಡಿಕೆಯಾದ ಮೇಲಷ್ಟೇ ಹೊರಬರುತ್ತದೆ. ಗಂಡುಬೆಕ್ಕಿನ ಶಿಶ್ನದ ತುದಿಯಲ್ಲಿ ಒಂದು ಮಿಲಿಮೀಟರ್‌ಗೂ ಚಿಕ್ಕದಾದ, ಹಿಮ್ಮುಖವಾಗಿ ಬಾಗಿದ ನೂರಕ್ಕೂ ಹೆಚ್ಚು ಮುಳ್ಳುಗಳಿವೆ. ಗಂಡು ಹಿಂದೆ ಸರಿಯುವಾಗ ಅವು ಯೋನಿಯ ಒಳಗೋಡೆಯನ್ನು ಗೀರುತ್ತವೆ. ಆ ಕ್ಷಣ ಹೆಣ್ಣು ಕಿರುಚಿ, ತಿರುಗಿ ಗಂಡಿಗೆ ಪರಚಿ, ಆಮೇಲೆ ನೆಲದಲ್ಲಿ ಉರುಳಾಡುವುದು ಇದರಿಂದಲೇ. ಈ ಪ್ರಚೋದನೆ ಬೆನ್ನುಹುರಿಯ ಮೂಲಕ ಮಿದುಳಿಗೆ ಮುಟ್ಟಿ ಅಲ್ಲಿನ ಪಿಟ್ಯುಟರಿ ಗ್ರಂಥಿಯಿಂದ ಅಂಡವನ್ನು ಬಿಡುಗಡೆ ಮಾಡಿಸುವ ಲ್ಯೂಟಿನೈಸಿಂಗ್ ಹಾರ್ಮೋನ್ ಉಕ್ಕುತ್ತದೆ. ಒಂದೇ ಸಲದ ಕೂಡಿಕೆಯಿಂದ ಸುಮಾರು ಅರ್ಧದಷ್ಟು ಬೆಕ್ಕುಗಳಲ್ಲಿ ಮಾತ್ರ ಹಾರ್ಮೋನ್ ಸಾಕಷ್ಟು ಏರುತ್ತದೆ. ಆದ್ದರಿಂದಲೇ ಒಂದೇ ದಿನದಲ್ಲಿ ಹತ್ತಾರು ಸಲ ಕೂಡುತ್ತವೆ. ಅಂಡಗಳು ಹೊರಬರುವುದು ಒಂದೆರಡು ದಿನ ಕಳೆದು. ಅಷ್ಟರೊಳಗೆ ಇನ್ನೊಂದು ಗಂಡು ಸೇರಿದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು.

ಅಂಡವೂ ವೀರ್ಯವೂ ಹೀಗೆ ಹೊತ್ತಿಗೆ ಸರಿಯಾಗಿ ಸೇರುವುದರಿಂದ ಕೂಡಿಕೆ ವ್ಯರ್ಥವಾಗುವುದು ಅಪರೂಪ. ‘ಒಂದೇ ರಾತ್ರಿ ತಪ್ಪಿಸಿಕೊಂಡು ಹೋಗಿತ್ತು’ ಎನ್ನುವ ಮನೆಯಲ್ಲಿ ಎರಡು ತಿಂಗಳಿಗೆ ನಾಲ್ಕು ಮರಿ. ಅಂಡ ಬಿಡುಗಡೆಯಾಗಿಯೂ ಗಬ್ಬ ನಿಲ್ಲದಿದ್ದರೆ ಸುಮಾರು 40 ದಿನ ಸುಳ್ಳುಗರ್ಭದ ಸ್ಥಿತಿ ಇರುತ್ತದೆ; ಆಗ ಬೆದೆ ಕಾಣುವುದಿಲ್ಲ.

ಇನ್ನೊಂದು ಎಡವಟ್ಟು ಮರಿಗಳ ಲಿಂಗ ಗುರುತಿಸುವುದರಲ್ಲಿ. ಎರಡೂ ಹೆಣ್ಣೆಂದು ಒಟ್ಟಿಗೆ ಸಾಕಿದ ಒಡಹುಟ್ಟುಗಳಲ್ಲಿ ಒಂದು ಗಂಡಾಗಿದ್ದು, ಆರನೇ ತಿಂಗಳಿಗೆ ತಂಗಿ ಗಬ್ಬವಾಗುವುದುಂಟು. ಬೆಕ್ಕಿಗೆ ಅಣ್ಣತಂಗಿ ಎಂಬ ತಡೆ ಇಲ್ಲ. ಮರಿಯ ಬಾಲ ಎತ್ತಿ ನೋಡಿ: ಮೇಲಿರುವುದು ಗುದ. ಅದರ ಕೆಳಗೆ, ಒಂದು ಸೆಂಟಿಮೀಟರಿನೊಳಗೆ ಉದ್ದನೆಯ ಸೀಳಿದ್ದರೆ ಹೆಣ್ಣು. ಅಂತರ ಅದಕ್ಕಿಂತ ಹೆಚ್ಚಿದ್ದು, ಕೆಳಗಿನದು ದುಂಡು ಚುಕ್ಕೆಯಾಗಿದ್ದರೆ ಗಂಡು; ನಡುವಿನ ಜಾಗದಲ್ಲಿ ಮುಂದೆ ಬೀಜಗಳು ಉಬ್ಬಿ ಕಾಣುತ್ತವೆ. ಒಂದೇ ಸೂಲಿನ ಮರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ಕಪ್ಪು, ಕಿತ್ತಳೆ, ಬಿಳಿ ಮೂರೂ ಬಣ್ಣವಿದ್ದರೆ ಬಹುತೇಕ ಹೆಣ್ಣೇ. ಕಿತ್ತಳೆ ಬಣ್ಣದ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ, ಕಪ್ಪೂ ಕಿತ್ತಳೆಯೂ ಜೊತೆಯಾಗಲು ಎರಡು ಎಕ್ಸ್ ಬೇಕು. ಅಪರೂಪಕ್ಕೆ ಹುಟ್ಟುವ ಮೂರು ಬಣ್ಣದ ಗಂಡಿಗೆ ಸಾಮಾನ್ಯವಾಗಿ ಒಂದು ಎಕ್ಸ್ ಹೆಚ್ಚಿದ್ದು, ಅದು ಬಂಜೆಯಾಗಿರುತ್ತದೆ.

ಗರ್ಭದ ಅವಧಿ 63ರಿಂದ 65 ದಿನ. ಮೂರನೇ ವಾರದಲ್ಲಿ ಮೊಲೆತೊಟ್ಟುಗಳು ಗುಲಾಬಿಯಾಗಿ ಉಬ್ಬುತ್ತವೆ. ಹೊಟ್ಟೆಯನ್ನು ನೀವೇ ಒತ್ತಿ ನೋಡಬೇಡಿ. 25ನೇ ದಿನದ ಹೊತ್ತಿಗೆ ಸ್ಕ್ಯಾನಿಂಗ್‌ನಲ್ಲಿ ಮರಿಗಳ ಎದೆಬಡಿತ ಕಾಣುತ್ತದೆ. ಹೆರಿಗೆ ಶುರುವಾದ ಮೇಲೆ ಗಡಿಯಾರ ನೋಡುತ್ತಿರಿ. ಬಲವಾಗಿ ಮುಕ್ಕಿ ಅರ್ಧ ಗಂಟೆಯಾದರೂ ಮರಿ ಬಾರದಿದ್ದರೆ, ಅರ್ಧ ಹೊರಬಂದು ಸಿಕ್ಕಿಕೊಂಡಿದ್ದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಹುಟ್ಟಿದ ಮರಿ ಸುಮಾರು 100 ಗ್ರಾಂ ಇದ್ದು ದಿನಕ್ಕೆ ಕನಿಷ್ಠ 10 ಗ್ರಾಂ ಏರಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದಕ್ಕೆ ಸಾಕು. ತಾಯಿ ಹಾಲೂಡಿಸುತ್ತಿರುವಾಗಲೇ ಮತ್ತೆ ಬೆದೆಗೆ ಬಂದು ಗಬ್ಬ ಧರಿಸಬಲ್ಲದು.

‘ಒಂದು ಸಲ ಮರಿ ಹಾಕಲಿ, ಆಮೇಲೆ ಆಪರೇಷನ್ ಮಾಡಿಸೋಣ’ ಎನ್ನುವ ಮಾತಿಗೆ ಯಾವ ಆಧಾರವೂ ಇಲ್ಲ, ಅದರಿಂದ ಬೆಕ್ಕಿಗೆ ಹಾನಿಯೇ ಹೆಚ್ಚು. ಆರು ತಿಂಗಳೊಳಗೆ ಅಂಡಾಶಯ ತೆಗೆಸಿದರೆ ಸ್ತನಗಡ್ಡೆಯ ಅಪಾಯ ಬಹುಪಾಲು ತಪ್ಪುತ್ತದೆ. ಬೆಕ್ಕಿನ ಸ್ತನಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್. ಗರ್ಭಕೋಶದಲ್ಲಿ ಕೀವು ತುಂಬುವ ರೋಗದ ಭಯವೂ ಹೋಗುತ್ತದೆ. ಬೆದೆ ತಡೆಯಲು ಕೊಡುವ ಪ್ರೊಜೆಸ್ಟರೋನ್ ಬಗೆಯ ಮಾತ್ರೆ, ಇಂಜೆಕ್ಷನ್‌ಗಳು ಇವೇ ಎರಡು ಕಾಯಿಲೆಗಳಿಗೆ ದಾರಿ ಮಾಡುತ್ತವೆ. ಅಗ್ಗವೆಂದು ಅವುಗಳ ಮೊರೆಹೋಗಬೇಡಿ. ಆಪರೇಷನ್ ಆದ ಹೆಣ್ಣು ತಿಂಗಳುಗಳ ಮೇಲೆ ಮತ್ತೆ ಕೂಗತೊಡಗಿದರೆ ಅಂಡಾಶಯದ ಚೂರು ಒಳಗೆ ಉಳಿದಿರಬಹುದು, ಹುಡುಕಿಸಿ ತೆಗೆಸಬೇಕು.

ಗಂಡಿನಲ್ಲಿ ಒಂದೇ ಬೀಜ ಕೈಗೆ ಸಿಕ್ಕಿದರೆ ಇನ್ನೊಂದು ಹೊಟ್ಟೆಯಲ್ಲೋ ತೊಡೆಸಂದಿಯಲ್ಲೋ ಉಳಿದಿದೆಯೆಂದು ಅರ್ಥ. ಎರಡನ್ನೂ ತೆಗೆಸಿ. ಬೀಜ ತೆಗೆದ ಕೆಲವೇ ವಾರಗಳಲ್ಲಿ ಶಿಶ್ನದ ಮುಳ್ಳುಗಳು ಮಾಯವಾಗುತ್ತವೆ, ಏಕೆಂದರೆ ಅವನ್ನು ಉಳಿಸುವುದು ಬೀಜದಲ್ಲಿ ಹುಟ್ಟುವ ಗಂಡು ಹಾರ್ಮೋನ್ ಟೆಸ್ಟೊಸ್ಟೆರೋನ್. ಆದರೆ ನಾಳಗಳಲ್ಲಿ ಉಳಿದ ವೀರ್ಯಾಣುಗಳಿಗೆ ಇನ್ನೂ ಕೆಲವು ವಾರ ಜೀವವಿರುತ್ತದೆ. ಆಪರೇಷನ್ ಆಗದ ಹೆಣ್ಣು ಮನೆಯಲ್ಲಿದ್ದರೆ ಆರು ವಾರ ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಡಿ.